ಹಿರಿಯರ ಹೆಸರು ಬರೆದಿಡೋಣ

ಮಕ್ಕಳೇ, ನಿಮ್ಮ ಅಜ್ಜನ ಅಜ್ಜನ ಹೆಸರು ನಿಮಗೆ ಗೊತ್ತೇ? ಅಮೆರಿಕದಲ್ಲಿ ಅನೇಕರು ತಮ್ಮ ಹಿರಿಯರನ್ನು ಹಳೆಯ ದಾಖಲೆಗಳಲ್ಲಿ ಹುಡುಕುತ್ತಾರೆ. ಅಲ್ಲಿ 1861ರಿಂದ 1865ರವರೆಗೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ನಡೆಯಿತು. ಮನುಷ್ಯರನ್ನು ಕೊಂಡು, ಮಾರಿ, ಕೂಲಿಯಿಲ್ಲದೆ ದುಡಿಸುವ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದವರು ಹೋರಾಡಿ ಸೋತರು. ಅವರ ಸೈನಿಕರ ದಾಖಲೆಗಳು ಈಗಲೂ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸೈನಿಕನು ಯಾವ ದಳಕ್ಕೆ ಸೇರಿದನು, ಎಲ್ಲಿ ಸತ್ತನು ಎಂಬುದು ಎಷ್ಟೋ ಸಲ ಅವುಗಳಿಂದ ತಿಳಿಯುತ್ತದೆ. ಆ ಯುದ್ಧದಲ್ಲಿ ಗುಂಡೇಟಿಗಿಂತ ರೋಗದಿಂದ ಸತ್ತವರೇ ಹೆಚ್ಚು.

ಗುಲಾಮರ ಗತಿ ನೋಡಿರಿ. 1860ರ ಜನಗಣತಿಯಲ್ಲಿ ಅವರ ವಯಸ್ಸನ್ನು ಬರೆದರು, ಒಡೆಯನ ಹೆಸರನ್ನು ಬರೆದರು. ಅವರ ಹೆಸರನ್ನು ಮಾತ್ರ ಬಹುಮಟ್ಟಿಗೆ ಬರೆಯಲಿಲ್ಲ. ಅವರ ಮರಿಮಕ್ಕಳು ಇಂದು ಏನೆಂದು ಹುಡುಕಬೇಕು?

ಸೈನಿಕನ ಮನೆಯವರು ಅವನ ಧೈರ್ಯವನ್ನು ಬರೆಯಲಿ. ಅವನು ಯಾರ ಪರವಾಗಿ, ಯಾವುದಕ್ಕಾಗಿ ಹೋರಾಡಿದನು ಎಂಬುದನ್ನೂ ಬರೆಯಬೇಕು. ಹಿರಿಯರ ಮೇಲೆ ಪ್ರೀತಿ ಇರಲಿ. ಅದಕ್ಕಾಗಿ ನಿಜವನ್ನು ಮುಚ್ಚಿಡಬಾರದು.

ನೀವೂ ಮನೆಯ ಹಿರಿಯರನ್ನು ಕೇಳಿರಿ. ಮುತ್ತಜ್ಜನ ಹೆಸರಿನ ಜೊತೆಗೆ ಮುತ್ತಜ್ಜಿಯ ಹೆಸರು, ಊರು, ಕೆಲಸ, ಕಷ್ಟಸುಖಗಳನ್ನೂ ಬರೆಯಿರಿ. ಅವರ ಹೊಲದಲ್ಲಿ ದುಡಿದ ಆಳುಗಳಿದ್ದರೆ ಅವರ ಹೆಸರನ್ನೂ ಬಿಡಬೇಡಿರಿ.