ದೋಣಿ ಇದೆ, ಎಳೆಯುವ ಬಂಡಿ ಎಲ್ಲಿ?

ಕೋಗಿಲು ಕ್ರಾಸ್ ಸಮೀಪದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ಅಂಗಳದಲ್ಲಿ ದೋಣಿ ತೇಲಿದ್ದು ಒಂದು ಬಾರಿಯಲ್ಲ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಉಕ್ಕಿ ಹರಿದಾಗ ಅಲ್ಲಿನ ನಿವಾಸಿಗಳನ್ನು ದೋಣಿ ಹಾಗೂ ಟ್ರಾಕ್ಟರ್‌ಗಳಲ್ಲಿ ಹೊರತರಲಾಯಿತು. 2024ರ ಅಕ್ಟೋಬರ್‌ನಲ್ಲಿ ಅದೇ ದೃಶ್ಯ ಮರುಕಳಿಸಿತು. ಇವೆರಡಕ್ಕೂ ಮುನ್ನ, 2021ರ ಅಕ್ಟೋಬರ್ 11ರಂದು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ರಸ್ತೆ ಜಲಾವೃತಗೊಂಡಾಗ ಪ್ರಯಾಣಿಕರು ಟ್ರಾಕ್ಟರ್ ಏರಿ ಟರ್ಮಿನಲ್ ತಲುಪಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ಐಷಾರಾಮಿ ಬಡಾವಣೆಗಳ ನಿವಾಸಿಗಳಿಗೂ ಟ್ರಾಕ್ಟರೇ ಗತಿಯಾಯಿತು.

ಪ್ರತಿ ಪ್ರವಾಹದ ನಂತರವೂ ರಾಜಕಾಲುವೆ ಒತ್ತುವರಿಯ ಚರ್ಚೆ ನಡೆಯುತ್ತದೆ, ನಡೆಯಲೇಬೇಕು. ಆದರೆ ಯಾರ ಗಮನಕ್ಕೂ ಬಾರದ ಪ್ರಶ್ನೆಯೊಂದಿದೆ. ರಕ್ಷಣಾ ದೋಣಿಯನ್ನು ನೀರಿನ ಅಂಚಿನವರೆಗೆ ತರುವ, ಮೊಣಕಾಲುದ್ದದ ನೀರಿನಲ್ಲಿ ಜನರನ್ನು ಸಾಗಿಸುವ ವಾಹನ ಯಾವುದು? ಅದರ ಹೊಣೆ ಯಾರದು?

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ

ಗಾಳಿ ತುಂಬುವ ರಬ್ಬರ್ ದೋಣಿಯನ್ನು ಮಡಚಿ ಸಾಮಾನ್ಯ ಪಿಕಪ್ ವಾಹನದಲ್ಲಿ ಹೇರಿಕೊಂಡು ಹೋಗಬಹುದು. ಗಟ್ಟಿ ಒಡಲಿನ ಫೈಬರ್ ದೋಣಿಯ ಮಾತು ಬೇರೆ. ದೋಣಿ, ಅದರ ಎಂಜಿನ್, ಇಂಧನ ಮತ್ತು ಟ್ರೇಲರ್ ಸೇರಿದರೆ ತೂಕ ಸುಲಭವಾಗಿ ಒಂದು ಟನ್ ದಾಟುತ್ತದೆ. ಅದನ್ನು ಎಳೆದೇ ತರಬೇಕು.

ಇತ್ತೀಚೆಗೆ ಇಂಥ ಕೆಲಸಕ್ಕೆ ಹೈಬ್ರಿಡ್ ಪಿಕಪ್‌ಗಳ ಹೆಸರು ಕೇಳಿಬರುತ್ತಿದೆ. ವಿದ್ಯುತ್ ಮೋಟರ್ ನಿಂತಲ್ಲಿಂದಲೇ ಪೂರ್ಣ ಬಲ ನೀಡುವುದರಿಂದ ಭಾರ ಎಳೆಯಲು ಅದು ಅನುಕೂಲವೆಂಬುದು ನಿಜ. ಆದರೆ 'ಹೈಬ್ರಿಡ್' ಎಂಬ ಪದವೊಂದೇ ಏನನ್ನೂ ಹೇಳುವುದಿಲ್ಲ. ಅಮೆರಿಕದ ಫೋರ್ಡ್ ಕಂಪನಿಯನ್ನೇ ನೋಡಿ. 2021ರಲ್ಲಿ ಬಂದ ಎಫ್-150 ಹೈಬ್ರಿಡ್ ಸೂಕ್ತ ಸಲಕರಣೆಯೊಂದಿಗೆ ಸುಮಾರು 5,700 ಕಿಲೋ ಎಳೆಯಬಲ್ಲದೆಂದು ಕಂಪನಿ ಹೇಳಿತು. ಅದರ ಬೆನ್ನಿಗೇ ಬಂದ ಹಗುರ ಪಿಕಪ್ ಮ್ಯಾವರಿಕ್ ಹೈಬ್ರಿಡ್‌ನ ಮಿತಿ ಆಗ ಸುಮಾರು 900 ಕಿಲೋ ಮಾತ್ರವಿತ್ತು. ಒಂದೇ ತಯಾರಕರು, ಒಂದೇ ಬಗೆಯ ತಂತ್ರಜ್ಞಾನ. ಆದರೂ ಸಾಮರ್ಥ್ಯದಲ್ಲಿ ಆರು ಪಟ್ಟು ಅಂತರ. ಅದನ್ನು ನಿರ್ಧರಿಸುವುದು ಮೋಟರ್ ಮಾತ್ರವಲ್ಲ. ಚಾಸಿಸ್, ಕೊಂಡಿ, ಬ್ರೇಕ್ ಮತ್ತು ಶೀತಕ ವ್ಯವಸ್ಥೆಗಳಿಗೂ ಅದರಲ್ಲಿ ಪಾಲಿದೆ.

ಬ್ರೇಕಿನ ಮಹತ್ವ ತಿಳಿಯಲು ಇನ್ನೊಂದು ಉದಾಹರಣೆ ಸಾಕು. ವಿದೇಶಗಳಲ್ಲಿ ಮಾರಾಟವಾಗುತ್ತಿರುವ 48 ವೋಲ್ಟ್ ಹೈಬ್ರಿಡ್ ಟೊಯೋಟಾ ಹೈಲಕ್ಸ್, ಸ್ವಂತ ಬ್ರೇಕ್ ಇರುವ ಟ್ರೇಲರ್ ಆದರೆ 3,500 ಕಿಲೋ ಎಳೆಯಬಹುದು. ಟ್ರೇಲರ್‌ಗೆ ಬ್ರೇಕ್ ಇಲ್ಲವಾದರೆ ಮಿತಿ 750 ಕಿಲೋಗೆ ಇಳಿಯುತ್ತದೆ. ಹಿಂದಿನ ಭಾರ ಮುಂದಿನ ವಾಹನವನ್ನು ತಳ್ಳುವಾಗ ತಡೆಯುವುದೇ ನಿಜವಾದ ಸವಾಲು. ಬಳ್ಳಾರಿ ರಸ್ತೆಯ ಮೇಲ್ಸೇತುವೆಯಿಂದ ಮಳೆಯಲ್ಲಿ ಇಳಿಯುವ ಹಗುರ ವಾಹನದ ಬೆನ್ನಿಗೆ ಬ್ರೇಕಿಲ್ಲದ ಒಂದು ಟನ್ ದೋಣಿ ಇದ್ದರೆ ಆಗುವುದೇನೆಂದು ಊಹಿಸುವುದು ಕಷ್ಟವಲ್ಲ.

ಟ್ರಾಕ್ಟರ್ ಗೆದ್ದದ್ದೇಕೆ?

ನೀರಿನ ಆಳ ಎರಡನೆಯ ಅಡ್ಡಿ. ಹೈಲಕ್ಸ್‌ನಂಥ ಎತ್ತರದ ವಾಹನಕ್ಕೂ ತಯಾರಕರು ಹೇಳುವ ಮಿತಿ 700 ಮಿಲಿಮೀಟರ್. ಅದನ್ನು ಮೀರಿ ಎಂಜಿನ್‌ನ ಗಾಳಿಕೊಳವೆಗೆ ನೀರು ನುಗ್ಗಿದರೆ ಲಕ್ಷಾಂತರ ರೂಪಾಯಿಯ ವಾಹನ ಅಲ್ಲೇ ನಿಲ್ಲುತ್ತದೆ. ಟ್ರಾಕ್ಟರ್‌ನ ಎಂಜಿನ್ ಎತ್ತರದಲ್ಲಿದೆ, ಹೊಗೆಕೊಳವೆ ಮೇಲ್ಮುಖವಾಗಿದೆ, ಹಿಂಬದಿಯ ಗಾಲಿಗಳು ಆಳೆತ್ತರಕ್ಕಿವೆ, ಗೇರುಗಳು ನಿಧಾನಕ್ಕೆಂದೇ ರೂಪುಗೊಂಡಿವೆ. ಕೆಸರು ಗದ್ದೆಯಲ್ಲಿ ದುಡಿಯಲು ಹುಟ್ಟಿದ ಯಂತ್ರಕ್ಕೆ ಮುಳುಗಿದ ಬಡಾವಣೆ ಹೊಸದೇನಲ್ಲ.

ವಿಪರ್ಯಾಸ ಇರುವುದು ಇಲ್ಲೇ. ಕೋಗಿಲು, ವೆಂಕಟಾಲ, ಜಕ್ಕೂರು ಸುತ್ತಮುತ್ತಲ ಹೊಲಗದ್ದೆಗಳು ನಿವೇಶನಗಳಾದಂತೆ ಟ್ರಾಕ್ಟರ್‌ಗಳೂ ದೂರ ಸರಿಯುತ್ತಿವೆ. ಕೆರೆಯಂಗಳದ ನಗರೀಕರಣ ಪ್ರವಾಹವನ್ನು ತಂದಿತು. ಅದೇ ನಗರೀಕರಣ ಪ್ರವಾಹದಿಂದ ಪಾರುಮಾಡುವ ಬಂಡಿಯನ್ನೂ ಹೊರಗಟ್ಟುತ್ತಿದೆ.

ಹೊಣೆ ಹೊರುವವರಾರು?

ನೆರವಿಗೆ ಬರುವ ಟ್ರಾಕ್ಟರ್ ಮಾಲೀಕನ ಸ್ಥಿತಿಯನ್ನೂ ಗಮನಿಸಬೇಕು. ಸರಕು ಟ್ರೇಲರ್‌ನಲ್ಲಿ ಜನರನ್ನು ಸಾಗಿಸುವುದು ಕಾನೂನುಸಮ್ಮತವಲ್ಲ. ಕೃಷಿ ಬಳಕೆಗೆಂದು ಮಾಡಿಸಿದ ವಿಮೆ ಇಂಥ ಸಂದರ್ಭದಲ್ಲಿ ಕೈಕೊಡುವ ಸಾಧ್ಯತೆಯೇ ಹೆಚ್ಚು. ಟ್ರಾಕ್ಟರ್ ಪರವಾನಗಿ ಇರುವ ಚಾಲಕ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಆದರೆ ಆ ತೀರ್ಪು ಪರವಾನಗಿಗೆ ಸಂಬಂಧಿಸಿದ್ದು, ಟ್ರೇಲರ್‌ನಲ್ಲಿ ಕುಳಿತವರ ಸುರಕ್ಷತೆಗಲ್ಲ. ಅವಘಡ ಸಂಭವಿಸಿದರೆ ಉಪಕಾರ ಮಾಡಿದವನೇ ಕೋರ್ಟು ಕಚೇರಿ ಅಲೆಯಬೇಕಾದೀತು.

ಇದಕ್ಕೆ ಪರಿಹಾರ ಕಾನೂನಿನಲ್ಲೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಮು ರಕ್ಷಣಾ ಕಾರ್ಯಕ್ಕೆ ಖಾಸಗಿ ವಾಹನಗಳನ್ನು ಲಿಖಿತ ಆದೇಶದ ಮೂಲಕ ವಶಕ್ಕೆ ಪಡೆಯುವ ಅಧಿಕಾರವನ್ನು ಜಿಲ್ಲಾ ಪ್ರಾಧಿಕಾರಕ್ಕೂ ನೀಡಿದೆ. 66ನೇ ಕಲಮು ಅದಕ್ಕೆ ಪರಿಹಾರಧನ ನೀಡಬೇಕೆನ್ನುತ್ತದೆ. ಆದೇಶ ಕಾಗದದ ಮೇಲಿದ್ದರೆ ಮಾಲೀಕನಿಗೆ ರಕ್ಷಣೆ. ಬಾಯಿಮಾತಿನ ಕರೆಯಾದರೆ ನಷ್ಟವೆಲ್ಲ ಅವನದೇ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಯಲಹಂಕ ಭಾಗ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದೆ. ಪಾಲಿಕೆ ಮತ್ತು ಜಿಲ್ಲಾಡಳಿತ ಸೇರಿ ಮುಂಗಾರಿಗೆ ಮುನ್ನ ವಾರ್ಡ್‌ವಾರು ಟ್ರಾಕ್ಟರ್‌ಗಳ ಪಟ್ಟಿ ಸಿದ್ಧಪಡಿಸುವುದು, ಬಾಡಿಗೆ ಮತ್ತು ವಿಮೆಯನ್ನು ಮೊದಲೇ ನಿಗದಿಗೊಳಿಸುವುದು, ಬ್ರೇಕ್ ಇರುವ ದೋಣಿ ಟ್ರೇಲರ್‌ಗಳನ್ನು ತಗ್ಗು ಪ್ರದೇಶಗಳ ಸಮೀಪವೇ ಇರಿಸುವುದು ಕೋಟಿಗಟ್ಟಲೆ ವೆಚ್ಚದ ಯೋಜನೆಗಳೇನಲ್ಲ. ಹೊಸ ಪಿಕಪ್ ಖರೀದಿಸುವುದಾದರೆ ಜಾಹೀರಾತಿನ ಅಶ್ವಶಕ್ತಿಯನ್ನಲ್ಲ, ಬ್ರೇಕಿಲ್ಲದ ಟ್ರೇಲರ್‌ನ ಮಿತಿಯನ್ನು ಮೊದಲು ಓದಬೇಕು.

ಮೂರು ವರ್ಷಗಳ ಅಂತರದಲ್ಲಿ ಒಂದೇ ಅಂಗಳಕ್ಕೆ ಎರಡು ಬಾರಿ ದೋಣಿ ಬಂದಿದೆ. ಮೂರನೆಯ ಬಾರಿಯೂ ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸವೇ ನಡೆದರೆ ಅದನ್ನು ಪ್ರಕೃತಿ ವಿಕೋಪ ಎನ್ನಲಾಗದು.