ಊರ ಸೇವಕನ ಮನೆಗೆ ಕಾವಲು ಬೇಕೇ?

ಜನರ ತೆರಿಗೆಯ ಹಣದಿಂದ ಸ್ಥಳೀಯ ಪ್ರಜಾಪ್ರತಿನಿಧಿಯ ಮನೆಗೆ ರಕ್ಷಣೆಯನ್ನು ಒದಗಿಸಬಹುದೇ ಎಂಬ ಪ್ರಶ್ನೆಯು ಪಶ್ಚಿಮದ ದೇಶಗಳಲ್ಲಿ ಚರ್ಚೆಗೆ ಬಂದಿದೆ. ಅದು ನಮ್ಮ ಬಾಗಿಲಿಗೂ ಬರತಕ್ಕ ಪ್ರಶ್ನೆಯಾದುದರಿಂದ ವಾಚಕರ ಮುಂದೆ ಇಂದು ಅದನ್ನು ಇಡುತ್ತೇವೆ.

ಫ್ರಾನ್ಸಿನ ರಾಜಧಾನಿಯ ಸಮೀಪದಲ್ಲಿ ಲಾಯ್-ಲೆ-ರೋಜ್ ಎಂಬ ಊರಿದೆ. 2023ನೆಯ ಇಸವಿಯ ಜುಲೈ 2ರ ನಸುಕಿನಲ್ಲಿ ದಂಗೆಕೋರರು ಆ ಊರಿನ ಮೇಯರರ ಮನೆಗೆ ಮೋಟಾರು ನುಗ್ಗಿಸಿ ಬೆಂಕಿಯಿಟ್ಟರು. ಮೇಯರರು ಆಗ ನಗರಸಭೆಯ ಕಚೇರಿಯಲ್ಲಿ ತಮ್ಮ ಕರ್ತವ್ಯದ ಮೇಲಿದ್ದರು. ಮನೆಯಲ್ಲಿದ್ದವರು ಅವರ ಪತ್ನಿ ಮತ್ತು ಎಳೆಯ ಮಕ್ಕಳಿಬ್ಬರು. ಹಿತ್ತಲಿನಿಂದ ಪಾರಾಗುವಾಗ ಆ ತಾಯಿಯ ಕಾಲು ಮುರಿಯಿತು. ಅದೇ ವರ್ಷದ ಮಾರ್ಚಿನಲ್ಲಿ, ಆಶ್ರಯಾರ್ಥಿಗಳ ವಸತಿಯ ವಿಷಯದಲ್ಲಿ ಎದ್ದ ವಿರೋಧದ ನಡುವೆ, ಸೆಂ-ಬ್ರೆವೆಂ ಎಂಬ ಕಡಲತೀರದ ಊರಿನ ಮೇಯರರ ಮನೆಗೂ ಕಿಚ್ಚು ಬಿದ್ದಿತು. ಸರಕಾರದ ಬೆಂಬಲವು ಸಾಲದೆಂದು ನೊಂದು ಅವರು ಮೇ ತಿಂಗಳಲ್ಲಿ ಅಧಿಕಾರವನ್ನೇ ಬಿಟ್ಟರು. ಬೆಂಕಿಯಿಟ್ಟವರು ಮತಪೆಟ್ಟಿಗೆಯಿಂದ ಪಡೆಯಲಾರದುದನ್ನು ಹೀಗೆ ಪಡೆದರಲ್ಲವೇ?

ಬ್ರಿಟನ್ನಿನಲ್ಲಿ ಪಾರ್ಲಿಮೆಂಟಿನ ಸದಸ್ಯೆ ಜೋ ಕಾಕ್ಸರ ಕೊಲೆಯು 2016ರಲ್ಲಿ ಆದ ಮೇಲೆ ಸದಸ್ಯರ ಮನೆಗಳಿಗೆ ಬೀಗ, ದೀಪ, ಎಚ್ಚರಿಕೆಯ ಗಂಟೆ ಇವುಗಳನ್ನು ಸಾರ್ವಜನಿಕ ವೆಚ್ಚದಿಂದ ಕೂಡಿಸುವ ಏರ್ಪಾಡು ಬಲಗೊಂಡಿತು. ಊರ ಸಭೆಗಳ ಸದಸ್ಯರಿಗೆ ಅಂಥ ಸೌಕರ್ಯವು ಸಹಜವಾಗಿ ಒದಗಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಚುನಾಯಿತರ ರಕ್ಷಣೆಗಾಗಿ 31 ದಶಲಕ್ಷ ಪೌಂಡುಗಳನ್ನು ಸಾರಿದಾಗ ಮಾತ್ರ ಸರಕಾರವು ಸ್ಥಳೀಯ ಪ್ರತಿನಿಧಿಗಳನ್ನೂ ನೆನೆಯಿತು.

ನಮ್ಮ ದೇಶದಲ್ಲಿ ಅಪಾಯವು ಕಡಿಮೆಯೆಂದು ಯಾರೂ ತಿಳಿಯಬಾರದು. ತಮಿಳುನಾಡಿನ ಮದುರೆ ಜಿಲ್ಲೆಯ ಮೇಲವಳವು ಗ್ರಾಮದ ಅಧ್ಯಕ್ಷಪದವನ್ನು 1996ರಲ್ಲಿ ಪರಿಶಿಷ್ಟ ಜಾತಿಯವರಿಗೆ ಮೀಸಲಿಟ್ಟರು. ಬೆದರಿಕೆಯಿಂದ ಚುನಾವಣೆಯೇ ನಿಂತುನಿಂತು ನಡೆಯಿತು. ಆರಿಸಿ ಬಂದ ಅಧ್ಯಕ್ಷ ಮುರುಗೇಶನ್ ಅವರನ್ನು 1997ರ ಜೂನ್ 30ರಂದು, ಮದುರೆಯಿಂದ ಬಸ್ಸಿನಲ್ಲಿ ಊರಿಗೆ ಮರಳುವಾಗ, ಮತ್ತೈವರೊಡನೆ ಕೊಂದರು. ಮನೆಗೆ ಗಟ್ಟಿ ಕದವಿದ್ದರೆ ಅವರು ಉಳಿಯುತ್ತಿದ್ದರೆಂದು ನಾವು ಹೇಳುವದಿಲ್ಲ. ಆದರೆ ಅಪಾಯವು ಮುಂಚೆಯೇ ಗೊತ್ತಿದ್ದಾಗ ಅದನ್ನು ಅಳೆದು ಉಪಾಯ ಮಾಡುವ ಹೊಣೆ ಯಾರದು? ಆ ಹೊಣೆಯನ್ನು ಕಾಯದೆಯು ಒಬ್ಬರ ಹೆಗಲ ಮೇಲೆ ಇಡತಕ್ಕದ್ದು.

ಇದಕ್ಕೆ ಎರಡು ಆಕ್ಷೇಪಗಳುಂಟು. ಜನಸೇವಕನಿಗೆ ಜನರ ಪ್ರೀತಿಯೇ ಕಾವಲೆಂಬುದು ಮೊದಲನೆಯದು. 1948ರ ಜನವರಿ 20ರಂದು ಪ್ರಾರ್ಥನಾಸ್ಥಳದಲ್ಲಿ ಬಾಂಬು ಸಿಡಿದ ಮೇಲೆಯೂ, ಬರುವವರನ್ನು ಪೋಲೀಸರು ಶೋಧಿಸುವದಕ್ಕೆ ಮಹಾತ್ಮರು ಒಪ್ಪಲಿಲ್ಲ. ಹತ್ತು ದಿನಗಳಲ್ಲಿ ದೇಶವು ಅವರನ್ನು ಕಳೆದುಕೊಂಡಿತು. ಆ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅವರು ತಮ್ಮ ಪ್ರಾಣವನ್ನು ತಾವೇ ಪಣವಿಟ್ಟರು. ಊರ ಸದಸ್ಯನ ಮನೆಯಲ್ಲಿ ಮಲಗಿದ ಮಗುವು ಚುನಾವಣೆಗೆ ನಿಂತಿರುವದಿಲ್ಲ. ಅದರ ಪ್ರಾಣವನ್ನು ಪಣವಿಡುವ ಹಕ್ಕು ತಂದೆಗೂ ಇಲ್ಲ, ಸರಕಾರಕ್ಕೂ ಇಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ತೂಕದ್ದು. ನಮ್ಮಲ್ಲಿ ಕಾವಲೆಂಬುದು ರಕ್ಷಣೆಗಿಂತ ಮೆರೆತದ ಸಾಧನವಾಗಿದೆ. ವಾಹನದ ಮೇಲಿನ ಕೆಂಪುದೀಪವನ್ನು ತೆಗೆಯಿಸಲು 2017ರ ಮೇ 1ರ ವರೆಗೆ ಕಾಯಬೇಕಾಯಿತು. ಬಂದೂಕಿನವನನ್ನು ಹಿಂದಿಟ್ಟುಕೊಂಡು ತಿರುಗುವ ಚಪಲವು ಇನ್ನೂ ಹೋಗಿಲ್ಲ. ಈ ರೋಗವನ್ನು ಗ್ರಾಮಪಂಚಾಯತಿಯ ವರೆಗೆ ಹಬ್ಬಿಸುವದಾದರೆ ನಮ್ಮ ವಿರೋಧವಿದೆ.

ಆದುದರಿಂದ ಪದವಿಯು ಅಳತೆಗೋಲಾಗದೆ ಅಪಾಯವು ಅಳತೆಗೋಲಾಗಬೇಕು. ಅಪಾಯವನ್ನು ನಿರ್ಣಯಿಸುವವರು ಪಕ್ಷಗಳಿಗೆ ಹೊರತಾದವರಿರಬೇಕು. ಕೊಡುವದು ಗಟ್ಟಿಯಾದ ಬಾಗಿಲು, ಬೆಳಕು, ಗಂಟೆ, ಕರೆದ ಕೂಡಲೆ ಬರುವ ಪೋಲೀಸರು ಇಷ್ಟಿರಬೇಕು, ಬಂದೂಕಿನ ಮೆರವಣಿಗೆಯಲ್ಲ. ಅವಧಿಯನ್ನು ಗೊತ್ತುಪಡಿಸಿ, ಅಪಾಯವು ತೀರಿದೊಡನೆ ಹಿಂದಕ್ಕೆ ಪಡೆಯಬೇಕು. ಯಾವ ಮನೆಗೆ ಏನು ಕೂಡಿಸಿದರೆಂಬುದು ಗುಪ್ತವಾಗಿರಲಿ. ಒಟ್ಟು ವೆಚ್ಚದ ಲೆಕ್ಕವು ಮಾತ್ರ ವರ್ಷಕ್ಕೊಮ್ಮೆ ಜನರ ಮುಂದೆ ಬರಲಿ.

ನಮ್ಮ ನಾಡಿನ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಕೆರೆಯ ಒತ್ತುವರಿಯನ್ನು ತೆರವು ಮಾಡಿಸಹೊರಟ ಸದಸ್ಯೆಯ ಮನೆಯ ಮೇಲೆ ರಾತ್ರಿ ಕಲ್ಲು ಬಿದ್ದರೆ ಅವಳು ಯಾರನ್ನು ಕೂಗಬೇಕು? ಮಂತ್ರಿಗಳ ಬಂಗಲೆಗೆ ಪಹರೆಯುಂಟು. ಅವಳ ಹಂಚಿನ ಮನೆಗೆ ಬೀದಿಯ ದೀಪವೂ ಇರುವದಿಲ್ಲ. ಹಂಚಿಹೋಗಿದ್ದ ಕನ್ನಡಿಗರು 1956ರಲ್ಲಿ ಒಂದೇ ಆಡಳಿತದ ಕೆಳಗೆ ಕೂಡಿದುದು ಭೂಪಟದ ಅಂದಕ್ಕಾಗಿ ಅಲ್ಲ. ಬೀದರದಿಂದ ಕೊಳ್ಳೇಗಾಲದ ವರೆಗೆ ಒಂದೇ ನ್ಯಾಯವು ನಡೆಯಲೆಂದು. ಆ ನ್ಯಾಯವು ಈ ಸದಸ್ಯೆಯ ಬಾಗಿಲಿನಿಂದ ಆರಂಭವಾಗಲಿ. ಅವಳು ಹೆದರಿ ರಾಜೀನಾಮೆಯಿತ್ತ ದಿನ ಸೋಲುವವಳು ಅವಳೊಬ್ಬಳಲ್ಲ. ಅವಳಿಗೆ ಮತವಿತ್ತ ಊರೆಲ್ಲವೂ ಸೋಲುವದು.