ಎಂಎಲ್‌ಎ ಹತ್ತಿರ ಪತ್ರ ಕೇಳಿದ್ದು ಸಾಕು, ಮಸೂದೆ ಕೇಳೋಣ

ನಮ್ಮ ಜನ ಎಂಎಲ್‌ಎ ಮನೆಗೆ ಹೋಗುವುದು ಯಾವುದಕ್ಕೆ? ಕಾಲೇಜು ಸೀಟಿಗೆ ಶಿಫಾರಸು ಪತ್ರ, ಆಸ್ಪತ್ರೆ ಬಿಲ್ಲಿಗೆ ಪರಿಹಾರ ನಿಧಿ, ಮಸೀದಿ ಎದುರಿನ ರಸ್ತೆಗೆ ಕಾಂಕ್ರೀಟ್, ಮತ್ತೆ ಮದುವೆ ಕಾಗದ ಕೊಡುವುದಕ್ಕೆ. ನಿಖಾಹ್‌ಗೆ ಬಂದು ಮದುಮಗನ ಪಕ್ಕ ಫೋಟೋಗೆ ನಿಂತರೆ ಐದು ವರ್ಷದ ಲೆಕ್ಕ ಚುಕ್ತಾ. "ಈ ಸಲ ಸದನದಲ್ಲಿ ನೀವು ಯಾವ ಮಸೂದೆ ತಂದಿರಿ?" ಎಂದು ಅವರನ್ನು ಕೇಳಿದ ಒಬ್ಬ ಬ್ಯಾರಿಯನ್ನೂ ನಾನು ಇದುವರೆಗೆ ಕಂಡಿಲ್ಲ. ಶಾಸಕ ಎಂಬ ಹೆಸರೇ ಶಾಸನದಿಂದ ಬಂದದ್ದು. ಆ ಕೆಲಸ ಬಿಟ್ಟು ಉಳಿದದ್ದೆಲ್ಲವನ್ನೂ ನಾವು ಅವರಿಂದ ಮಾಡಿಸಿಕೊಳ್ಳುತ್ತೇವೆ.

ಈ ಯೋಚನೆ ಗಟ್ಟಿಯಾದದ್ದು ಬೆಳುಗುಪ್ಪಕ್ಕೆ ಬಂದ ಮೇಲೆ. ಅನಂತಪುರ ಜಿಲ್ಲೆಯ ಈ ಊರಲ್ಲಿ ಮಂಗಳೂರಿನವನಿಗೆ ಏನು ಕೆಲಸ ಎಂದು ಕೇಳಬೇಡಿ, ಬ್ಯಾರಿ ಮುಟ್ಟದ ಊರು ಯಾವುದಿದೆ! ಗಾಳಿಯಂತ್ರ ನಿಲ್ಲಿಸುವ ಗುತ್ತಿಗೆದಾರರೊಬ್ಬರ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ನಮ್ಮ ಜಿಲ್ಲೆಗೂ ಇದಕ್ಕೂ ಹಳೆಯ ನಂಟು ಉಂಟು. ಒಂದು ಕಾಲದಲ್ಲಿ ಎರಡೂ ಮದ್ರಾಸ್ ಶಾಸನಸಭೆಯ ಕೆಳಗಿದ್ದವು. 1953ರ ಅಕ್ಟೋಬರ್ 1ಕ್ಕೆ ಅನಂತಪುರ ಆಂಧ್ರಕ್ಕೆ ಹೋಯಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲೂಕೂ ಆಗಲೇ ಆಂಧ್ರಕ್ಕೆ ಸೇರಿತು. ನಾವು 1956ರ ನವೆಂಬರ್ 1ಕ್ಕೆ ಮೈಸೂರಿಗೆ ಬಂದೆವು. ಹಾಗಾಗಿ ರಾಯದುರ್ಗ, ಮಡಕಶಿರಾ ಕಡೆಯ ಎಷ್ಟೋ ಜನರಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಈ ರಾಜ್ಯದಲ್ಲಿ ಮೂವತ್ತು ವರ್ಷ ಒಂದು ಕಾನೂನು ಇತ್ತು. 1994ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯತ್ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಕಾಯ್ದೆ ಬಂದು ಒಂದು ವರ್ಷ ಕಳೆದ ಮೇಲೆ ಮೂರನೇ ಮಗು ಹುಟ್ಟಿದರೆ ಅನರ್ಹ. ಹರಿಯಾಣದ ಇಂಥದ್ದೇ ನಿಯಮದ ವಿರುದ್ಧ ಜಾವೇದ್ ಎಂಬವರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2003ರಲ್ಲಿ ಕೋರ್ಟು ನಿಯಮವನ್ನೇ ಎತ್ತಿಹಿಡಿಯಿತು. ನಿರ್ಮಲಾ ಬುಚ್ ಎಂಬ ಹಿರಿಯ ಅಧಿಕಾರಿ ನಿವೃತ್ತಿಯ ನಂತರ ಆಂಧ್ರವೂ ಸೇರಿ ಐದು ರಾಜ್ಯಗಳಲ್ಲಿ ಅಧ್ಯಯನ ಮಾಡಿದರು. ಸದಸ್ಯತ್ವ ಉಳಿಸಿಕೊಳ್ಳಲು ಗರ್ಭ ತೆಗೆಸಿದವರು, ಹೆಂಡತಿಯನ್ನು ಬಿಟ್ಟವರು, ಮಗುವನ್ನು ದತ್ತು ಕೊಟ್ಟವರು ಅವರಿಗೆ ಸಿಕ್ಕಿದರು. ಗಮನಿಸಿ, ಈ ಅನರ್ಹತೆ ಸರಪಂಚನಿಗೆ ಮಾತ್ರ. ಸದನದಲ್ಲಿ ಕೈ ಎತ್ತಿ ಅದನ್ನು ಪಾಸು ಮಾಡಿದ ಎಂಎಲ್‌ಎಗೆ ಎಷ್ಟು ಮಕ್ಕಳಿದ್ದರೂ ತೊಂದರೆಯಿಲ್ಲ.

2024ರ ನವೆಂಬರಿನಲ್ಲಿ ಆಂಧ್ರ ವಿಧಾನಸಭೆ ಎರಡು ತಿದ್ದುಪಡಿ ಮಸೂದೆ ಪಾಸು ಮಾಡಿ, ಪಂಚಾಯತ್‌ಗೂ ಪುರಸಭೆಗೂ ಈ ನಿಯಮ ತೆಗೆಯಿತು. ಕಾರಣ ಹೆಂಗಸರ ಕಷ್ಟವಲ್ಲ, ಜನಸಂಖ್ಯೆ ಕುಸಿಯುತ್ತಿದೆ ಎಂಬ ಭಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಂಧ್ರದ ಫಲವಂತಿಕೆ ದರ 1.7, ನಮ್ಮ ಕರ್ನಾಟಕದ್ದೂ ಅಷ್ಟೇ. ದೇಶದ ಮುಸ್ಲಿಮರದ್ದು 1992-93ರಲ್ಲಿ 4.4 ಇದ್ದದ್ದು ಈಗ 2.36. ವಾಟ್ಸಾಪಿನಲ್ಲಿ ನಮ್ಮ ಮಕ್ಕಳ ಲೆಕ್ಕ ಹಾಕುವವರಿಗೆ ಈ ಎರಡು ಅಂಕಿ ಕಳಿಸಿ ಸುಮ್ಮನಿರಬಹುದು. ನನ್ನ ತಕರಾರು ಬೇರೆ. ಕಡಿಮೆ ಹೆರಿ ಎಂದಾಗಲೂ ಹೆಚ್ಚು ಹೆರಿ ಎಂದಾಗಲೂ ಸರಕಾರ ಲೆಕ್ಕ ಹಾಕಿದ್ದು ಮನೆಯೊಳಗಿನ ಮಕ್ಕಳನ್ನು. ಆ ಮಕ್ಕಳು ಹೋಗುವ ಶಾಲೆಯಲ್ಲಿ ಎಷ್ಟು ಮೇಷ್ಟ್ರಿದ್ದಾರೆ ಎಂದು ಅದೇ ಹಟದಿಂದ ಲೆಕ್ಕ ಹಾಕಿದ್ದರೆ?

ಕಾನೂನು ಇಲ್ಲ ಎಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಂ ಪ್ರಕಾರ ಸರಕಾರಿ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಕೂಡದು. ಇದನ್ನು ಮೀರಿದರೆ ಯಾರ ಮೇಲೆ ಕ್ರಮ? ಮೂರನೇ ಮಗು ಹುಟ್ಟಿದರೆ ಅಪ್ಪನ ಸದಸ್ಯತ್ವ ಹೋಗುತ್ತಿತ್ತು, ಮೂರನೇ ಹುದ್ದೆ ಖಾಲಿಯಾದರೆ ಯಾರ ಕುರ್ಚಿಯೂ ಅಲುಗುವುದಿಲ್ಲ. ನಾನು ಮಸೂದೆ ಕೇಳೋಣ ಎನ್ನುವುದು ಇದಕ್ಕೇ.

ಈಗಿನ ಸರಕಾರಗಳು ಕಾನೂನಿನ ಬದಲು ಯೋಜನೆ ಕೊಡುತ್ತವೆ. ಆಂಧ್ರದಲ್ಲಿ 2020ರ ಜನವರಿಯಲ್ಲಿ 'ಅಮ್ಮ ಒಡಿ' ಬಂತು, ಮಗುವನ್ನು ಶಾಲೆಗೆ ಕಳಿಸುವ ತಾಯಿಗೆ ವರ್ಷಕ್ಕೆ 15,000 ರೂಪಾಯಿ. ಸರಕಾರ ಬದಲಾಯಿತು, ಆ ಹೆಸರೂ ಹೋಯಿತು. 2025ರ ಜೂನಿನಲ್ಲಿ 'ತಲ್ಲಿಕಿ ವಂದನಂ' ಬಂತು. ತಾಯಿಗೊಂದರಂತೆ ಇದ್ದದ್ದು ಓದುವ ಎಲ್ಲ ಮಕ್ಕಳಿಗೂ ಆಯಿತು. ಒಳ್ಳೆಯದೇ, ಬರಗಾಲದ ಈ ಸೀಮೆಯಲ್ಲಿ ಆ ದುಡ್ಡಿನ ಬೆಲೆ ನಮಗೆ ಗೊತ್ತಾಗುವುದಿಲ್ಲ. ಆದರೆ ಯೋಜನೆ ಎಂದರೆ ಕೊಡುವವನ ಮರ್ಜಿ. ಶಾಲೆಯ ಭಾಷೆಯಲ್ಲೂ ಹೀಗೇ ಆಯಿತು. 2019ರ ನವೆಂಬರಿನಲ್ಲಿ ಒಂದು ಸರಕಾರಿ ಆದೇಶದಿಂದ ಸರಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಹೊರಟರು, 2020ರ ಏಪ್ರಿಲಿನಲ್ಲಿ ಹೈಕೋರ್ಟು ರದ್ದು ಮಾಡಿತು. ಇಂಗ್ಲಿಷ್ ಬೇಡ ಎನ್ನುವ ಬಾಯಿ ನನಗಿಲ್ಲ, ನಮ್ಮ ಮನೆ ಮಕ್ಕಳೂ ಅಲ್ಲೇ ಓದುವುದು. ಆದರೆ ಗಡಿಯ ಕನ್ನಡದ ಮಗುವಿಗೆ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ಅದನ್ನು ಒಂದು ಆದೇಶದಲ್ಲಿ ಮರೆಯುವಂತಿಲ್ಲ.

"ಒಬ್ಬ ಎಂಎಲ್‌ಎ ಮಸೂದೆ ತಂದರೆ ಪಾಸಾಗುತ್ತದಾ ಮೋನೇ?" ಎಂದು ಹಿರಿಯರು ನಗಬಹುದು. ಮಂತ್ರಿಯಲ್ಲದ ಸದಸ್ಯ ತರುವುದಕ್ಕೆ ಖಾಸಗಿ ಮಸೂದೆ ಎನ್ನುತ್ತಾರೆ. ಸ್ವಾತಂತ್ರ್ಯದ ನಂತರ ಪಾರ್ಲಿಮೆಂಟಿನಲ್ಲಿ ಹೀಗೆ ಪಾಸಾದದ್ದು ಬರೀ 14, ಕೊನೆಯದ್ದು 1970ರಲ್ಲಿ. ನಗಲು ಕಾರಣ ಇದೆ. ಆದರೆ ಆ 14ರಲ್ಲಿ ಮೊದಲನೆಯದು ಯಾವುದು ಗೊತ್ತೇ? 1952ರಲ್ಲಿ ಮಂಡನೆಯಾದ ವಕ್ಫ್ ಮಸೂದೆ. ಅದೇ 1954ರ ವಕ್ಫ್ ಕಾಯ್ದೆಯಾಯಿತು. ನಮ್ಮ ಮಸೀದಿ, ಖಬರಸ್ಥಾನಗಳ ಆಸ್ತಿಗೆ ಸ್ವತಂತ್ರ ಭಾರತದ ಮೊದಲ ಕಾಯ್ದೆ ತಂದದ್ದು ಮಂತ್ರಿಯಲ್ಲ, ಒಬ್ಬ ಸಾಮಾನ್ಯ ಸದಸ್ಯ.

ಅದಕ್ಕಿಂತ ಹಿಂದಿನದ್ದು ನಮ್ಮ ಹೆಂಗಸರಿಗೆ ಇನ್ನೂ ಹತ್ತಿರದ್ದು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯನ್ನು ಕೇಂದ್ರ ಶಾಸನಸಭೆಗೆ ತಂದವರು ಮುಹಮ್ಮದ್ ಅಹ್ಮದ್ ಕಾಝ್ಮಿ. ಅವರೂ ಮಂತ್ರಿಯಲ್ಲ. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ಏಳು ವರ್ಷದ ಜೈಲು ಶಿಕ್ಷೆಯಾಗಿದ್ದರೆ, ಹೆಂಡತಿ ಕೋರ್ಟಿಗೆ ಹೋಗಿ ವಿವಾಹ ಬಿಡಿಸಿಕೊಳ್ಳಬಹುದು. ಬೊಂಬಾಯಿಗೆ, ಗಲ್ಫಿಗೆ ಹೋದ ಗಂಡನಿಂದ ಕಾಗದವೂ ಇಲ್ಲ, ದುಡ್ಡೂ ಇಲ್ಲ ಎಂದು ತವರಿನಲ್ಲಿ ವರ್ಷಗಟ್ಟಲೆ ಕೂತ ಉಮ್ಮಂದಿರನ್ನು ನಾವೆಲ್ಲ ನೋಡಿದ್ದೇವೆ. ಅವರಿಗಾಗಿ ಅಷ್ಟು ಹಿಂದೆಯೇ ಒಬ್ಬ ಶಾಸಕ ಬಾಗಿಲು ತೆರೆದಿಟ್ಟಿದ್ದ. ಆ ಬಾಗಿಲು ಇದೆ ಎಂದೇ ಬಹಳ ಮಂದಿಗೆ ಯಾರೂ ಹೇಳಲಿಲ್ಲ. ಇವತ್ತಿಗೂ ಜಮಾಅತ್ ಕಮಿಟಿಯ ಮುಂದೆ ಬರುವ ಹುಡುಗಿಗೆ ನಾವು ಮೊದಲು ಹೇಳುವುದು ಸಬರ್ ಮಾಡು ಎಂದೇ.

ಸರಕಾರದಿಂದ ಲೆಕ್ಕ ಕೇಳುವ ವಿಷಯಕ್ಕೂ ಇದೇ ಜಿಲ್ಲೆ ಪಾಠ. ಉದ್ಯೋಗ ಖಾತರಿ ಯೋಜನೆಗೆ 2006ರ ಫೆಬ್ರವರಿ 2ರಂದು ಚಾಲನೆ ಕೊಟ್ಟದ್ದು ಅನಂತಪುರದ ಬಂಡ್ಲಪಲ್ಲಿಯಲ್ಲಿ. ಆ ಕಾಯ್ದೆಯ 17ನೇ ಕಲಂನಲ್ಲಿ ಗ್ರಾಮಸಭೆಯೇ ಲೆಕ್ಕ ಪರಿಶೀಲಿಸಬೇಕು ಎಂದಿತ್ತು. ಆಂಧ್ರ ಅದನ್ನು ಗಂಭೀರವಾಗಿ ತೆಗೆದುಕೊಂಡಿತು. ಯಾರ ಹೆಸರಲ್ಲಿ ಎಷ್ಟು ಕೂಲಿ ಬರೆದಿದೆ ಎಂದು ಊರ ನಡುವೆ ಗಟ್ಟಿಯಾಗಿ ಓದಿದಾಗ ಕೂಲಿಯಾಳು ಎದ್ದುನಿಂತು ನನಗೆ ಬಂದೇ ಇಲ್ಲ ಎನ್ನಬಹುದಾಗಿತ್ತು. ಲೆಕ್ಕ ಬರೆಯುವ ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಆಡಿಟ್ ಗೊತ್ತಿಲ್ಲ. ಬೆಳುಗುಪ್ಪ ಸೇರಿರುವ ಉರವಕೊಂಡ ಕ್ಷೇತ್ರದ ಶಾಸಕ ಪಯ್ಯಾವುಲ ಕೇಶವ್ ವಿರೋಧ ಪಕ್ಷದಲ್ಲಿದ್ದಾಗ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರು, 2024ರಿಂದ ಹಣಕಾಸು ಸಚಿವರು. ಲೆಕ್ಕ ಕೇಳುತ್ತಿದ್ದವರು ಈಗ ಕೊಡುವ ಕಡೆ ಕೂತಿದ್ದಾರೆ. ಆ ಕಡೆಯಿಂದ ಅವರು ಏನು ಕೊಡುತ್ತಾರೆ ಎಂದು ಇಲ್ಲಿನವರು ನೋಡಿಕೊಳ್ಳಲಿ.

ನಮ್ಮ ಕಡೆಯ ಮಾತಿಗೆ ಬರುತ್ತೇನೆ. 2023ರ ಮೇ ತಿಂಗಳಲ್ಲಿ ಯು.ಟಿ. ಖಾದರ್ ಕರ್ನಾಟಕ ವಿಧಾನಸಭೆಯ ಸ್ಪೀಕರ್ ಆದಾಗ ಊರೂರಲ್ಲಿ ಖುಷಿಪಟ್ಟೆವು. ಸದನದ ಸಮಯ ಯಾವುದಕ್ಕೆ ಎಷ್ಟು ಎಂಬುದರಲ್ಲಿ ಸ್ಪೀಕರ್ ಮಾತಿಗೆ ತೂಕ ಇದೆ. ಖಾಸಗಿ ಮಸೂದೆಗಳಿಗೆ ಮೀಸಲಾದ ಹೊತ್ತು ಗದ್ದಲದಲ್ಲಿ ಕಳೆದುಹೋಗದಂತೆ ನೋಡಿಕೊಳ್ಳಿ ಎಂದು ಅವರನ್ನು ಕೇಳುವ ಹಕ್ಕು ನಮಗಿದೆ, ಸನ್ಮಾನದ ಶಾಲು ಹೊದಿಸಿದ ಕೈಯಲ್ಲೇ ಆ ಮನವಿಯನ್ನೂ ಕೊಡಬಹುದು. ಉಳಿದ ಶಾಸಕರಿಗೆ, ಅವರು ಯಾವ ಪಕ್ಷದವರೇ ಇರಲಿ, ನಾನಾದರೆ ಇಷ್ಟು ಕೇಳುತ್ತೇನೆ: ಶಿಕ್ಷಕರ ಹುದ್ದೆ ಆರು ತಿಂಗಳಿಗಿಂತ ಹೆಚ್ಚು ಖಾಲಿ ಬಿದ್ದರೆ ಇಲಾಖೆ ಲಿಖಿತ ಕಾರಣ ಕೊಡಬೇಕು, ಕೊಡದ ಅಧಿಕಾರಿಗೆ ದಂಡ ಬೀಳಬೇಕು. ಗಂಡನಿಂದ ಜೀವನಾಂಶ ಬಾರದ ಹೆಂಗಸಿಗೆ ಕೋರ್ಟಿನ ಆದೇಶ ಇದ್ದರೆ ಸರಕಾರ ಮೊದಲು ಕೊಟ್ಟು ನಂತರ ಅವನಿಂದ ವಸೂಲಿ ಮಾಡಬೇಕು. ಪ್ರತಿ ಸರಕಾರಿ ಶಾಲೆಯ ಖರ್ಚನ್ನು ವರ್ಷಕ್ಕೊಮ್ಮೆ ಪಾಲಕರ ಮುಂದೆ, ಬಂಡ್ಲಪಲ್ಲಿಯ ಕಾಯ್ದೆಯ ಹಾಗೆ, ಗಟ್ಟಿಯಾಗಿ ಓದಬೇಕು.

ಪಾಸಾಗದಿದ್ದರೂ ಮಂತ್ರಿ ಎದ್ದು ಉತ್ತರ ಕೊಡಬೇಕಾಗುತ್ತದೆ, ಉತ್ತರ ಕಡತಕ್ಕೆ ಸೇರುತ್ತದೆ. ಬೆಳಗಾವಿ ಅಧಿವೇಶನಕ್ಕೆ ಮುಂಚೆ ಜಮಾಅತ್ ಮಹಾಸಭೆ ಇದ್ದರೆ ಇದನ್ನು ಒಂದು ವಿಷಯವಾಗಿ ಇಡಿ. ಹೆಂಗಸರ ಅಭಿಪ್ರಾಯವನ್ನೂ ಬರೆಸಿಕೊಳ್ಳಿ. ಮನವಿ ಒಂದು ಪುಟ ಮೀರದಿರಲಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಬನ್ನಿ.